ಕನ್ನಡಿ ಮುಂದಿನ ನನ್ನ ಕುರ್ಚಿ

ಚಿರಂಜೀವಿ ಅಳಿಯನಿಗೆ,

ಆಶೀರ್ವಾದದ ವಿಷಯ ಕೊನೆಗೆ ನೋಡೋಣ.

ನಿನ್ನ ಕೈಗೆ ಕತ್ತರಿ ಕೊಟ್ಟವನು ನಾನು. ನಾನು ಕತ್ತಿ ಹಿಡಿದರೆ ಗಡ್ಡ ತಾನಾಗಿಯೇ ಉದುರುತ್ತಿತ್ತು. ಅಂಥವನ ಕುರ್ಚಿಯನ್ನು ನಮ್ಮ ಕ್ಷೌರದಂಗಡಿಯ ಪರದೆಯ ಹಿಂದೆ ತಳ್ಳಿ, "ಮಾವ, ಆ ಕ್ಯಾನ್ಸರ್ ಮಾತ್ರೆಯಿಂದ ನಿಮ್ಮ ಮುಖದ ಮೇಲೆ ಎದ್ದ ಗುಳ್ಳೆ ನೋಡಿ ಗಿರಾಕಿಗಳು ಹೆದರ್ತಾರೆ. ಹೇಗೂ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಆಪರೇಷನ್ ಮಾಡಿ ತೆಗೆದಾಯ್ತಲ್ಲ, ಇನ್ನು ಆ ಮಾತ್ರೆ ಯಾಕೆ?" ಎಂದೆ ನೀನು. ಯಾರ ಮಾತನ್ನೂ ಕೇಳದ ನಾನು ನಿನ್ನ ಮಾತು ಕೇಳಿ ಹನ್ನೊಂದು ದಿನ ಮಾತ್ರೆ ಬಿಟ್ಟೆ. ನಿನ್ನ ಮೇಲಿರುವುದಕ್ಕಿಂತ ನನ್ನ ಮೇಲೆಯೇ ಸಿಟ್ಟು ಹೆಚ್ಚು.

ನಿನ್ನೆ ಡಾಕ್ಟರಮ್ಮ ಬೈದರು. "ಕಂಡಿದ್ದನ್ನ ಕತ್ತರಿಸಿದ್ದೀವಿ. ಕಾಣದೆ ಉಳಿದಿದ್ರೆ ಅದಕ್ಕೆ ಈ ಮಾತ್ರೆ. ನಿಮ್ಮ ಗಡ್ಡೆ ಪರೀಕ್ಷೆ ಮಾಡಿ, ಅದಕ್ಕೆ ಹೊಂದೋದನ್ನೇ ಕೊಟ್ಟಿರೋದು. ಮೂರು ವರ್ಷ ತಗೋಬೇಕು. ಗುಳ್ಳೆಗೆ ಮುಲಾಮಿದೆ, ನನ್ನ ಕೇಳಬಾರದಿತ್ತಾ?" ಜೀವಮಾನವೆಲ್ಲ ಬೇರೆಯವರ ತಲೆ ತಗ್ಗಿಸಿದವನು ನಾನೇ ತಲೆ ತಗ್ಗಿಸಿ ಕೂತೆ.

ಸೋಮವಾರ ಬರುತ್ತೇನೆ. ಕುರ್ಚಿ ಕನ್ನಡಿಯ ಮುಂದೆ, ದೀಪದ ಕೆಳಗೇ ಇರಬೇಕು. ಬೆಳಿಗ್ಗೆ ಎಂಟಕ್ಕೆ ಗಿರಾಕಿಗಳ ಎದುರಿಗೇ ಮಾತ್ರೆ ನುಂಗುತ್ತೇನೆ. ನೀರಿನ ಲೋಟ ಹಿಡಿದು ನೀನೇ ಪಕ್ಕದಲ್ಲಿ ನಿಂತಿರಬೇಕು, ಮೂರು ವರ್ಷವೂ.

ಲೋಟ ಕಂಡ ಮೇಲೆ ಆಶೀರ್ವಾದ.

ನಿನ್ನ ಸೋದರಮಾವ