ಬಾಯಿಹುಣ್ಣಿನ ಚಿತ್ರವಿದ್ದ ಪೊಟ್ಟಣ

ತಂಬಾಕಿನ ಪೊಟ್ಟಣದ ಮೇಲೆ ಯಾವ ಚಿತ್ರ ಇರಬೇಕೆಂದು ತೀರ್ಮಾನಿಸುವ ಮಾನ್ಯರೇ,

ನೀವು ಆರಿಸಿದ ಎಚ್ಚರಿಕೆಯ ಚಿತ್ರವನ್ನು ನೋಡಿಯೇ ನನ್ನ ಅಕ್ಕ ಹನುಮಮ್ಮ ತಂಬಾಕು ಹಾಕಲು ಶುರುಮಾಡಿದಳು. ಹೋದ ಯುಗಾದಿಗೆ ಹದಿನೈದು ದಿನ ಮೊದಲು ಬಾಯಿ ಕ್ಯಾನ್ಸರಿನಿಂದ ತೀರಿಹೋದಳು. ಕುಹಕಕ್ಕೆ ಬರೆದೆನೆಂದು ತಿಳಿಯಬೇಡಿ, ಕುಹಕ ಮುಂದೆ ಬರುತ್ತದೆ.

ನಾನು ಸಿರುಗುಪ್ಪದ ಗೊಬ್ಬರ, ಔಷಧದ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಭತ್ತದ ಸೀಮೆ ನಮ್ಮದು, ಓದುಬಾರದವರೂ ಬೆಳೆಗೆ ಔಷಧ ಕೊಳ್ಳಲೇಬೇಕು. ಅವರಿಗೆಲ್ಲ ನಾನು ಹೇಳಿಕೊಟ್ಟದ್ದು ಒಂದೇ: "ಡಬ್ಬಿ ಮ್ಯಾಲೆ ಯಾವ ಹುಳದ ಚಿತ್ರ ಐತೋ, ಆ ಹುಳ ಸಾಯತೈತಿ. ಅಕ್ಷರ ಬರಲಿಲ್ಲಂದ್ರ ಚಿತ್ರ ನೋಡ್ರಿ." ಹಚ್ಚೊಳ್ಳಿಯಲ್ಲಿ ನಾಟಿ ಕೂಲಿಗೆ ಹೋಗುತ್ತಿದ್ದ ಅಕ್ಕನಿಗೂ ಇದನ್ನೇ ಹೇಳಿದ್ದೆ. ಎಲೆ ಅಡಿಕೆ ಬಿಟ್ಟರೆ ಅವಳಿಗೆ ಬೇರೆ ಚಟವಿರಲಿಲ್ಲ. ಒಮ್ಮೆ ಬಾಯಲ್ಲಿ ಹುಣ್ಣಾಯಿತು. ಡಬ್ಬಾ ಅಂಗಡಿಯಲ್ಲಿ ತೂಗುಬಿಟ್ಟ ಪೊಟ್ಟಣದ ಮೇಲೆ ಹುಣ್ಣಾದ ಬಾಯಿಯನ್ನು ಕಂಡಳು, ಕೊಂಡಳು, ದವಡೆಗೆ ಇಟ್ಟುಕೊಂಡಳು. ಬಾಯಿ ಜೋಮು ಹಿಡಿದು ನೋವು ತಿಳಿಯದಾದಾಗ ಔಷಧ ಹತ್ತಿತು ಎಂದುಕೊಂಡಳು. ಆಮೇಲೆ ಆರು ವರ್ಷ ಅದನ್ನು ಬಿಡಲಾಗಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೇ ನನಗೆ ಇದೆಲ್ಲ ಗೊತ್ತಾದದ್ದು. ಅಕ್ಕ ಸಂಚಿಯಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. "ನೀನ ಹೇಳಿದ್ದಿ ಅಲ್ಲೇನೋ ತಮ್ಮಾ, ಚಿತ್ರ ನೋಡು ಅಂತ? ಇಲ್ನೋಡು, ಬಾಯಿಹುಣ್ಣು ಐತಿ." ಅಯ್ಯೋ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ?

ಮಾನ್ಯರೇ, ನನ್ನ ತಪ್ಪನ್ನು ನಾನು ಒಪ್ಪಿಕೊಂಡೆ. ನಿಮ್ಮದು? ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿ ಇಪ್ಪತ್ತು ವರ್ಷ ದಾಟಿತು. ಪೊಟ್ಟಣದ ಮೇಲೆ ಎಚ್ಚರಿಕೆ ಇರಬೇಕೆಂದು ಅದರಲ್ಲಿದೆ. ಜನರಿಗೆ ತಿಳಿಹೇಳಬೇಕೆಂದೂ, ಚಟ ಬಿಡಲು ನೆರವಾಗಬೇಕೆಂದೂ ಇದೆ. ಮೊದಲನೆಯದನ್ನು ಚಾಚೂತಪ್ಪದೆ ಮಾಡಿದಿರಿ. ಪೊಟ್ಟಣದ ನೂರಕ್ಕೆ ಎಂಬತ್ತೈದು ಭಾಗ ಎಚ್ಚರಿಕೆ! ಪರದೇಶದ ಸಭೆಗಳಲ್ಲಿ ಚಪ್ಪಾಳೆಯೂ ಬಿದ್ದಿರಬೇಕು. ಮಿಕ್ಕಿದ್ದಕ್ಕೆ ನಮ್ಮ ಗದ್ದೆಗೆ ಬಂದವರು ಯಾರು? ಟ್ರ್ಯಾಕ್ಟರಿನಲ್ಲಿ ನಿಂತು ಕೂಲಿಗೆ ಹೋಗುವ ಹೆಂಗಸರ ಹತ್ತಿರ ಕೂತು, ಇದು ರೋಗ ಕಳೆಯುವುದಲ್ಲ ತಾಯಿ, ರೋಗ ತರುವುದು ಎಂದವರು ಯಾರು? ಮೇ ಮೂವತ್ತೊಂದರ ತಂಬಾಕು ವಿರೋಧಿ ದಿನಕ್ಕೆ ಪೇಟೆಯಲ್ಲಿ ಜಾಥಾ ಮಾಡಿ, ಫೋಟೊ ತೆಗೆಸಿಕೊಂಡು ಊಟಕ್ಕೆ ಹೋದರೆ ಒಪ್ಪಂದ ಪಾಲಿಸಿದಂತಾಯಿತೇ?

ಕೊನೆಯ ವಾರ ಆಸ್ಪತ್ರೆಯಲ್ಲಿ ಅಕ್ಕನಿಗೆ ಮಾತು ಹೊರಡುವುದೇ ಕಷ್ಟವಾಗಿತ್ತು. ನನ್ನ ಕೈ ಹಿಡಿದು, "ಆ ಪಾಕೀಟು ನಕಲಿ ಇತ್ತೇನೋ?" ಅಂದಳು. ಹುಳ ಸಾಯದಿದ್ದರೆ ನಮ್ಮ ರೈತರು ಅಂಗಡಿಗೆ ಬಂದು ಕೇಳುವ ಮಾತದು. ನಿಜ ಹೇಳುವ ಎದೆ ನನಗಿರಲಿಲ್ಲ. "ಹೂಂ ಅಕ್ಕ, ನಕಲಿನ ಇತ್ತು" ಅಂದೆ. ಪಕ್ಕದ ಮಂಚದಲ್ಲಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ತನಗೂ ಬಾಯಿಹುಣ್ಣು ಎಂದು ಹೇಳಿಕೊಂಡಿದ್ದಳು. ಅಕ್ಕ ಆಕೆಯ ಕಡೆ ತಿರುಗಿ ಹೇಳಿದಳು: "ನೀ ಛಲೋ ಅಂಗಡ್ಯಾಗ ಪಾಕೀಟು ತಗೊಳ್ಳವ್ವಾ." ಆಕೆಗೆ ನಿಜ ಹೇಳಿದರೆ ಅಕ್ಕ ಕೇಳಿಸಿಕೊಂಡಾಳೆಂದು ನಾನು ನಾಳೆಗೆ ಬಿಟ್ಟೆ. ಮರುದಿನ ಆ ಮಂಚ ಖಾಲಿಯಾಗಿತ್ತು, ಆಕೆ ಊರಿಗೆ ಹೋಗಿಬಿಟ್ಟಿದ್ದಳು.

ಮುಂದಿನ ಚಿತ್ರ ಅಚ್ಚಾಗುವ ಮೊದಲು ಅದನ್ನು ನಾಟಿಯ ಹೆಂಗಸರಿಗೆ ತೋರಿಸಿ, ಏನು ತಿಳಿಯಿತೆಂದು ಕೇಳಿ. ಪ್ರತಿ ಹಂಗಾಮಿಗೂ ತಿಳಿಹೇಳುವವರನ್ನು ಗದ್ದೆಗೇ ಕಳಿಸಿ. ಪಕ್ಕದ ಮಂಚದ ಆ ಹೆಂಗಸು ಕುರುಗೋಡಿನ ಕಡೆಯವಳಂತೆ, ಹೆಸರು ಗೊತ್ತಿಲ್ಲ. ಮೂರು ಸಲ ಹೋಗಿ ಹುಡುಕಿದೆ, ಸಿಗಲಿಲ್ಲ. ನಿಮ್ಮಲ್ಲಿ ಜೀಪಿದೆ, ಸಿಬ್ಬಂದಿ ಇದ್ದಾರೆ. ಆಕೆ ಇನ್ನೊಂದು ಪೊಟ್ಟಣ ಕೊಳ್ಳುವ ಮೊದಲು ಹುಡುಕಿ, ನಿಜ ಹೇಳಿ.

ಇಂತಿ,
ಅಕ್ಕನಿಗೆ ಸುಳ್ಳು ಹೇಳಿ ಕಳಿಸಿಕೊಟ್ಟ ತಮ್ಮ,
ಜಡೆಪ್ಪ, ಸಿರುಗುಪ್ಪ