ಅವ್ವ ಮೀನಂಗಡಿಗೆ ಹೋದದ್ದು

ಪೆರಿಕಲ್ಲೂರು
17 ನವೆಂಬರ್ 2024

ಪ್ರೀತಿಯ ಶಿವಮ್ಮಕ್ಕನಿಗೆ ಪ್ರೇಮಲತಾ ಮಾಡುವ ನಮಸ್ಕಾರ.

ನೀನು ಕೋಪದಲ್ಲಿ ಫೋನಿಟ್ಟು ಹದಿನೆಂಟು ದಿನವಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಕಾಗದ ಬರೆಯಲು ಅಂದೇ ಕೂತೆ, ಮೂರು ಸಲ ಹರಿದುಹಾಕಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸರಗೂರಿನಲ್ಲಿ ಎಲ್ಲರೂ ಹೇಗಿದ್ದೀರಿ? ಭಾವನ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ಕಾಫಿ ಹಣ್ಣಾಗುತ್ತಿದೆ, ಕೊಯ್ಯಲು ಆಳು ಸಿಗುತ್ತಿಲ್ಲ.

"ಅವ್ವನ್ನ ವೃದ್ಧಾಶ್ರಮಕ್ಕೆ ನೂಕ್ಬುಟ್ಟೆ" ಅಂದೆಯಲ್ಲ ಅಕ್ಕ, ನಡೆದದ್ದನ್ನು ಬರೆಯುತ್ತೇನೆ, ಓದು.

ಅವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಒಂದೂವರೆ ವರ್ಷ. ಎತ್ತಿ ಕೂರಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲಕ್ಕೂ ನಾನೊಬ್ಬಳೇ. ಇವರು ಬೆಳಿಗ್ಗೆ ಜೀಪು ತೆಗೆದುಕೊಂಡು ಹೋದರೆ ಬರುವುದು ಕತ್ತಲಾದ ಮೇಲೆ. ನನ್ನ ಹೊಲಿಗೆ ಅಂಗಡಿ ಮುಚ್ಚಿದೆ. ಮನೆಗೆ ಬಂದು ಅವ್ವನನ್ನು ನೋಡುತ್ತಿದ್ದ ನರ್ಸು ಮಿನಿ, ಮೀನಂಗಡಿ ಊರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿದೆ ಎಂದು ಬೇಸಿಗೆಯಲ್ಲೇ ಹೇಳಿದ್ದಳು. ಆಗ ಅವ್ವ, "ನಾನು ಸತ್ತ ಮ್ಯಾಲೆ ಎತ್ಕಂಡೋಗಿ" ಅಂದಳು. ನಾನು ಮತ್ತೆ ಆ ಮಾತೆತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ, ಊಟ ಮಾಡುತ್ತಾ ಅವಳೇ, "ಆ ಮೀನಂಗಡಿ ಮನೆ ನೋಡ್ಕಂಡು ಬರಾಣ ನಡಿ" ಅಂದಳು.

ಇವರ ಜೀಪಿನಲ್ಲೇ ಹೋದೆವು. ಹನ್ನೆರಡು ಮಂಚ ಹಾಕಿದ ಉದ್ದನೆಯ ಕೋಣೆ, ಫಿನಾಯಿಲ್ ವಾಸನೆ. ಆ ಮನೆ ನೋಡಿಕೊಳ್ಳುವ ಅಂಬಿಳಿ ಮಲಯಾಳದಲ್ಲಿ ಎಷ್ಟು ಮಾತಾಡಿಸಿದರೂ, ಐವತ್ತು ವರ್ಷ ಸಂತೆಯಲ್ಲಿ ಮಲಯಾಳದಲ್ಲೇ ಚೌಕಾಸಿ ಮಾಡಿದ ನಮ್ಮವ್ವ ಬಾಯಿ ಬಿಡಲಿಲ್ಲ. ಕೊನೆಗೆ ನನ್ನನ್ನು ನೋಡಿ, "ಇಲ್ಲಿ ಕನ್ನಡ ಆಡೋರು ಯಾರೂ ಇಲ್ವಾ?" ಅಂದಳು. ಅಂಬಿಳಿ ಒಳಗಿನಿಂದ ಕಾರ್ತುವನ್ನು ಕರೆದಳು. ಇಲ್ಲಿನ ಬುಡಕಟ್ಟಿನವಳು, ಕಾಡಿನ ನಾಯ್ಕರ ಹೆಂಗಸು, ಅರವತ್ತರ ಹತ್ತಿರ. ಅವರ ಮನೆಮಾತು ನಮ್ಮದರ ಹಾಗೆಯೇ ಕೇಳಿಸುತ್ತದೆಯಲ್ಲ.

ಅವ್ವ ಅವಳನ್ನೇ ನೋಡಿ, "ನಿಮ್ಮೋರು ನಮ್ಮ ಶುಂಠಿ ಹೊಲಕ್ಕೆ ಬರ್ತಿದ್ರು" ಅಂದಳು.

"ನಾನೂ ಬಂದಿವ್ನಿ ಅಮ್ಮ. ಅಂಗಳದಾಚೆ ಕೂರ್ಸಿ, ಮೇಲಿಂದ ಗಂಜಿ ಹುಯ್ತಿದ್ರಿ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವ್ವ, "ಹೂಂ, ಹುಯ್ತಿದ್ದೆ" ಅಂದಳು. ಆಮೇಲೆ, "ಈಗ ನೀನು ನಂಗೆ ಉಣ್ಣುಸ್ತೀಯಾ?"

"ಅದೇ ಅಲ್ವಾ ಇಲ್ಲಿ ನನ್ ಕೆಲ್ಸ" ಅಂದಳು ಕಾರ್ತು. ನಗಲಿಲ್ಲ.

ಬರುವಾಗ ಪುಲ್ಪಳ್ಳಿ ದಾಟಿದೆವು. ಆಮೇಲೆ ಅವ್ವ, "ದಸರಾ ಕಳೀಲಿ, ಹೋಯ್ತೀನಿ" ಅಂದಳು. ನಾನು ಬೇಡ ಅನ್ನಲಿಲ್ಲ. ಬಾಯಿಮಾತಿಗಾದರೂ ಒಂದು ಸಲ ಅನ್ನಬಹುದಿತ್ತು.

ಸೇರಿಸಿ ಬಂದು ನಾಲ್ಕು ವಾರ. ಭಾನುವಾರ ಭಾನುವಾರ ಹೋಗುತ್ತೇನೆ. ಮಲಗಿ ಮಲಗಿ ಬೆನ್ನ ಮೇಲೆ ಆಗಿದ್ದ ಹುಣ್ಣು ಒಣಗಿದೆ. ಕಾರ್ತು ಉಣ್ಣಿಸಿದರೆ ಉಣ್ಣುತ್ತಾಳೆ, ಸಾರಿಗೆ ಉಪ್ಪು ಸಾಲದು ಎಂದು ಅವಳ ಜೊತೆ ಜಗಳವಾಡುತ್ತಾಳೆ. ನೀನೊಮ್ಮೆ ಬಾ ಅಕ್ಕ. ಬೈರಕುಪ್ಪೆಗೆ ಬಸ್ಸಿನಲ್ಲಿ ಬಂದು ಹೊಳೆ ದಾಟಲು ದೋಣಿ ಹತ್ತು, ಈ ದಡದಲ್ಲಿ ನಾನು ನಿಂತಿರುತ್ತೇನೆ. ಅವ್ವನನ್ನು ಕಣ್ಣಾರೆ ನೋಡು, ಆಮೇಲೆ ಬೈಯಿ.

ಭಾವನಿಗೆ ನಮಸ್ಕಾರ. ನಿನ್ನ ಮಗ ನವೀನನ ಕೂಸಿಗೆ ಹಲ್ಲು ಬಂತೆಂದು ಕೇಳಿ ಸಂತೋಷವಾಯಿತು. ನೂರು ವರ್ಷ ಬಾಳಲಿ.

ನಿನ್ನ ತಂಗಿ
ಪ್ರೇಮಲತಾ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ಅವ್ವ ತಾನಾಗಿ ಮೀನಂಗಡಿಯ ಮಾತೆತ್ತಿದಳು ಅಂದೆನಲ್ಲ, ಅವತ್ತು ಬೆಳಿಗ್ಗೆ ನಾನು ಅವಳ ಕೆನ್ನೆಗೆ ಹೊಡೆದಿದ್ದೆ. ಆಗತಾನೇ ಉಡಿಸಿದ ಸೀರೆಯನ್ನು ಒದ್ದೆ ಮಾಡಿಕೊಂಡಿದ್ದಳು, ಅಷ್ಟಕ್ಕೇ. ಅವಳು ಅಳಲಿಲ್ಲ, ಯಾರಿಗೂ ಹೇಳಲಿಲ್ಲ. ನಾನು ಇವರಿಗೂ ಹೇಳಿಲ್ಲ. ಇವತ್ತು ಅಲ್ಲಿಗೆ ಹೋಗಿದ್ದಾಗ ಅವಳ ತಲೆ ಬಾಚೋಣವೆಂದು ಕೈ ಎತ್ತಿದೆ. ಅವ್ವ ಕಣ್ಣು ಮುಚ್ಚಿಕೊಂಡು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. ಬಾಚಣಿಗೆಯನ್ನು ಕಾರ್ತುವಿನ ಕೈಗೆ ಕೊಟ್ಟು ಬಂದೆ.