ವರ್ಷಾಂತಿಕದ ತನಕ ಮಜ್ಜಿಗೆ ಇಲ್ಲ

ಮಾರ್ಚ್ 24, ಸಂಜೆ ಆರೂವರೆ. ಕಳಮಶ್ಶೇರಿ

ಬೆಳಿಗ್ಗೆ ಬಿಸಿಲು ತಡೆಯಲಿಕ್ಕೆ ಟೆರೇಸಿಗೆ ತೆಂಗಿನ ಮಡಲು ಹಾಸಿದ್ದಾಯಿತು. ಕೆಳಗಿನ ಮನೆಯ ಜಾಯ್ಸ್ ಮಡಲು ಕೊಟ್ಟದ್ದಲ್ಲದೆ ತಾನೂ ಹತ್ತಿ ಬಂದು ಹರಡಿದಳು. ಮಧ್ಯಾಹ್ನ ಅನ್ನ, ಸೌತೆಕಾಯಿ ಹುಳಿ. ಒಗೆದ ಬಟ್ಟೆ ನೋಡನೋಡುತ್ತಲೇ ಒಣಗಿತು. ಮೈ ಮಾತ್ರ ಒಣಗುವುದಿಲ್ಲ.

ಇವರು ಹೋದದ್ದು ಇದೇ ಹಾಲ್‌ನಲ್ಲಿ, ಹೋದ ವರ್ಷ ಮೇ ತಿಂಗಳ ಮೊದಲಲ್ಲಿ. ಊಟ ಮಾಡಿ ಚಾಪೆ ಹಾಸಿ ಮಲಗಿದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಚಹಾಕ್ಕೆ ಕರೆದೆ, ಏಳಲಿಲ್ಲ. ಡಾಕ್ಟರು ಹಾರ್ಟ್ ಅಂದರು. ಕಾರ್ಖಾನೆಯಲ್ಲಿ ಅಷ್ಟು ವರ್ಷ ಶಿಫ್ಟ್ ಮಾಡಿದ ಮನುಷ್ಯ, ಒಂದು ದಿನ ಎದೆ ಹಿಡಿದುಕೊಂಡವರಲ್ಲ. ಎಲ್ಲಿಂದ ಬಂತು ಆ ಹಾರ್ಟ್... ವರ್ಷವಿಡೀ ಇದೇ ಯೋಚನೆ.

ಪ್ರತೀಕ್ಷಾ ಕ್ಲಾಸಿನಿಂದ ಬಂದಳು. ಬಂದವಳೇ ಫ್ರಿಜ್ ಬಾಗಿಲು ತೆರೆದು ಅದರ ಮುಂದೆ ನಿಂತಳು. ಬೈದೆ.

"ಒಂದೇ ಮಿನಿಟ್, ಪ್ಲೀಸ್ ಪ್ರೇಮಜ್ಜಿ."

ಇವಳು ಇವರ ಅಕ್ಕನ ಮೊಮ್ಮಗಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ, ನನ್ನ ಜೊತೆ ಇರುತ್ತಾಳೆ. ಇವಳಿಲ್ಲದಿದ್ದರೆ ಈ ಮನೆಯಲ್ಲಿ ಮಾತೇ ಇಲ್ಲ.

ಮಾರ್ಚ್ 27

ಅತ್ತಿಗೆಗೆ ಫೋನ್ ಮಾಡಿದೆ. ಇವರ ಅಕ್ಕ, ಚಂದ್ರಾವತಿ. ಎಂಬತ್ತು ದಾಟಿದವರು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಭಾವ ಒಣಮೆಣಸಿನ ಅಂಗಡಿ ಇಟ್ಟಿದ್ದರು. ಈಗ ಭಾವ ಇಲ್ಲ, ಅಂಗಡಿ ಸುಬ್ರಾಯನಿಗೆ ಬಾಡಿಗೆಗೆ. ಮೇಲಿನ ಮನೆಯಲ್ಲಿ ಅತ್ತಿಗೆ, ಮತ್ತೆ ಪ್ರತೀಕ್ಷಾಳ ಅಪ್ಪ ಅಮ್ಮ: ಮಗ ಗುರುಕಿರಣ್, ಸೊಸೆ ಜೀವಿತಾ. ಮಗ, ಸೊಸೆ ಇಬ್ಬರಿಗೂ ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ. ಹಗಲೆಲ್ಲ ಅತ್ತಿಗೆ ಒಬ್ಬರೇ, ಶೀಟಿನ ಮಾಡಿನ ಕೆಳಗೆ.

"ಸೆಕೆ ಹೇಗುಂಟು ಅತ್ತಿಗೆ? ಮಜ್ಜಿಗೆ ಕುಡೀತಿದ್ದೀರಲ್ಲ?"

"ಮಜ್ಜಿಗೆ ಬಿಟ್ಟಿದ್ದೇನಲ್ಲ ಮಾರಾಯ್ತಿ. ಕಮಲಾಕ್ಷ ಹೋದಾಗಲೇ ಬಿಟ್ಟದ್ದು. ವರ್ಷಾಂತಿಕ ಆಗುವ ತನಕ ಇಲ್ಲ."

ನಮ್ಮ ಕಡೆ ಹಾಗೆ. ಹೋದವರಿಗೆ ಇಷ್ಟವಿದ್ದ ಒಂದನ್ನು ವರ್ಷ ತುಂಬುವ ತನಕ ಬಾಯಿಗೆ ಇಡುವುದಿಲ್ಲ. ನಾನು ಬಿಟ್ಟದ್ದು ಹಲಸಿನ ಹಪ್ಪಳ. ಅತ್ತಿಗೆ ಬಿಟ್ಟದ್ದು ಮಜ್ಜಿಗೆ ಅಂತ ನನಗೆ ಇವತ್ತೇ ಗೊತ್ತಾದದ್ದು.

"ನೀರಾದರೂ..."

"ಬಾಯಾರುದೇ ಇಲ್ಲ ನನಗೆ. ಬಾಯಾರದೆ ಯಾರಾದ್ರೂ ಕುಡೀತಾರಾ? ಕುಡಿದ್ರೆ ಮತ್ತೆ ಕೆಳಗೆ ಬಚ್ಚಲಿಗೆ ಇಳೀಬೇಕು. ಆ ಮೆಟ್ಟಿಲು ನೋಡಿದ್ದೀಯಲ್ಲ ನೀನು."

ತಿಥಿ ಪ್ರಕಾರ ವರ್ಷಾಂತಿಕ ಏಪ್ರಿಲ್ 22ಕ್ಕೆ. ಇನ್ನೂ ಹೆಚ್ಚುಕಡಿಮೆ ಒಂದು ತಿಂಗಳು ಬಾಕಿ ಉಂಟು. ಇವರ ಚಿಕ್ಕಂದಿನ ಮಾತಾಡಲಿಕ್ಕೆ ನನಗೆ ಉಳಿದಿರುವುದು ಅತ್ತಿಗೆ ಒಬ್ಬರೇ. ಅವರೂ ಈ ಬಿಸಿಲಿಗೆ... ಬರೆಯುವುದಿಲ್ಲ ಅದನ್ನು.

ಏಪ್ರಿಲ್ 2

ಮೊಬೈಲಿಗೆ ಮತ್ತೆ ಬಿಸಿಲಿನ ಯೆಲ್ಲೋ ಅಲರ್ಟ್. ರಾತ್ರಿಯೂ ತಣಿಯುತ್ತಿಲ್ಲ. ಗೋಡೆ ಮುಟ್ಟಿದರೆ ಆಗ ತಾನೇ ಒಲೆಯಿಂದ ಇಳಿಸಿದ ಕಾವಲಿ.

ಪ್ರತೀಕ್ಷಾ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಪ್ರಾಜೆಕ್ಟ್ ಅಂತೆ. ಎಂತದು ಅಂತ ಕೇಳಿದೆ. ನನ್ನ ಮುಖ ನೋಡಿ ಪರದೆ ಮುಚ್ಚಿದಳು. ಮತ್ತೆ ಕೇಳಿದೆ.

"ಬಿಸಿಲಿಗೆ ವಯಸ್ಸಾದವರು ಎಷ್ಟು ಜನ ಸಾಯ್ತಾರೆ ಅಂತ."

"ಅದಕ್ಕೆ ಏನು ಓದುವುದು? ಬರೆದಿರ್ತಾರಲ್ಲ."

"ಇಲ್ಲ ಪ್ರೇಮಜ್ಜಿ, ಅದೇ ಪ್ರಾಬ್ಲಮ್. ಹೀಟ್ ಅಂತ ಯಾರೂ ಬರೆಯೋದಿಲ್ಲ. ಹಾರ್ಟ್ ಅಂತ ಬರೀತಾರೆ, ಕಿಡ್ನಿ ಅಂತ ಬರೀತಾರೆ. ಆ ತಿಂಗಳು ಸತ್ತ ಎಲ್ಲರನ್ನೂ ಎಣಿಸಿ, ಬೇರೆ ವರ್ಷಗಳ ಅದೇ ತಿಂಗಳ ಜೊತೆ ನೋಡಬೇಕು. ಎಷ್ಟು ಹೆಚ್ಚು ಉಂಟೋ ಅದು ಹೀಟ್‌ನದ್ದು. ಅದರಲ್ಲಿ ಯಾರು ಅಂತ ಮಾತ್ರ ಹೆಸರು ಹೇಳಲಿಕ್ಕೆ ಆಗೋದಿಲ್ಲ."

"ಅವರಿಗೆ ಬಾಯಾರಿಕೆ ಆಗುವುದಿಲ್ಲವಾ?"

"ವಯಸ್ಸಾದರೆ ಗೊತ್ತಾಗೋದು ಕಡಿಮೆ. ಬೆವರೂ ಕಡಿಮೆ. ಇಲ್ಲಿಯ ಗಾಳಿಯಲ್ಲಿ ಬಂದ ಬೆವರೂ ಆರೋದಿಲ್ಲ. ಮೈ ತಣ್ಣಗೆ ಮಾಡಲಿಕ್ಕೆ ಹಾರ್ಟ್ ಓಡ್ತಾ ಇರ್ತದೆ, ಓಡ್ತಾ ಇರ್ತದೆ..." ಅಷ್ಟಕ್ಕೆ ನಿಲ್ಲಿಸಿ, "ಸಾರಿ" ಅಂದಳು.

ಸಾರಿ ಯಾಕೆ? ಅವಳಿಗೆ ಎರಡು ದೋಸೆ ಹೆಚ್ಚು ಹಾಕಿದೆ.

ಹೆಸರಿಲ್ಲದ ಆ ಹೆಚ್ಚಿನವರಲ್ಲಿ ಇವರೂ ಒಬ್ಬರು ಇರಬಹುದು. ಇರಬಹುದು ಅಷ್ಟೆ. ಆದರೂ ಎದೆಯಲ್ಲಿ ಗಂಟು ಹಾಕಿ ಕೂತದ್ದು ಸ್ವಲ್ಪ ಸಡಿಲಾಯಿತು. ಕಾರಣವಿಲ್ಲದೆ ಎದ್ದು ಹೋದವರಲ್ಲ ಇವರು.

ನಾಳೆಯಿಂದ ಅತ್ತಿಗೆಗೆ ದಿನಾ ಮಧ್ಯಾಹ್ನ ಫೋನ್. ಲೋಟ ಕೈಯಲ್ಲಿ ಹಿಡಿದುಕೊಂಡೇ ಮಾತಾಡಬೇಕು ಅವರು.

ಏಪ್ರಿಲ್ 5

ಅತ್ತಿಗೆ ಫೋನಿನಲ್ಲಿ ಗುಟುಕ್ ಗುಟುಕ್ ಸದ್ದು ಮಾಡಿದರು. ಕುಡಿದೆ ಅಂದರು. ಸುಳ್ಳು! ಬರೀ ಬಾಯಿಯ ಸದ್ದು. ಎಂಟು ಮಕ್ಕಳಿದ್ದ ಮನೆಯಲ್ಲಿ ಬೆಳೆದ ನನಗೆ ಇದು ಗೊತ್ತಾಗುವುದಿಲ್ಲವಾ? ನಾನು ನಕ್ಕೆ. ಅವರೂ ನಕ್ಕರು.

ಏಪ್ರಿಲ್ 12. ತಿರುವನಂತಪುರ

ಒಂದು ವಾರ ಬರೆಯಲಿಲ್ಲ.

ಏಳನೇ ತಾರೀಖು ಮಧ್ಯಾಹ್ನ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. "ಕಮಲಾಕ್ಷಾ, ಬಾವಿಕಟ್ಟೆ ಹತ್ತಬೇಡ, ಅಮ್ಮನಿಗೆ ಹೇಳ್ತೇನೆ" ಅಂದರು. ನಾನು ಪ್ರೇಮ ಅಂದೆ. "ಇಳಿ ಮೊದಲು" ಅಂದರು. ಕೂಡಲೇ ಸುಬ್ರಾಯನಿಗೆ ಫೋನ್. ಮೆಣಸಿನ ಗೋಣಿ ಅಲ್ಲೇ ಬಿಟ್ಟು ಮೇಲೆ ಓಡಿದನಂತೆ. ಮೈ ಕೆಂಡ, ಒಂದು ಹನಿ ಬೆವರಿಲ್ಲ. ಬಿಂದಿಗೆಗಟ್ಟಲೆ ನೀರು ಸುರಿದು, ಒದ್ದೆ ಪಂಚೆ ಹೊದಿಸಿ, ಆಟೋದಲ್ಲಿ ಆಸ್ಪತ್ರೆಗೆ. ನಾನೂ ಪ್ರತೀಕ್ಷಾಳೂ ಸಿಕ್ಕಿದ ರೈಲು ಹತ್ತಿದೆವು. ಕೊಲ್ಲಂ ದಾಟುವ ತನಕ ಅವಳು ನನ್ನ ಕೈ ಬಿಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅತ್ತಿಗೆ ಕಣ್ಣು ಸರಿಯಾಗಿ ಬಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಹಲ್ಲಿನ ಸೆಟ್ ಎಲ್ಲಿ?"

ಗುರುಕಿರಣ್ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟ. "ಎಂತಕ್ಕೆ ಅಳುದು ಇವ? ಹಲ್ಲು ಹೋದದ್ದು ನನ್ನದು" ಅಂದರು ಅತ್ತಿಗೆ.

ಆಸ್ಪತ್ರೆಯ ವರಾಂಡಕ್ಕೆ ಹೋಗಿ ನಾನೂ ಅತ್ತೆ. ಕಳೆದ ವರ್ಷ ಹೊರಗೆ ಬಾರದೆ ಉಳಿದದ್ದೂ ಅದರ ಜೊತೆಯಲ್ಲೇ ಬಂತು.

ಏಪ್ರಿಲ್ 14

ಅತ್ತಿಗೆ ಮನೆಗೆ ಬಂದರು. ಬಿ.ಪಿ.ಗೆ ಕೊಡುತ್ತಿದ್ದ ಮೂತ್ರ ಹೋಗುವ ಮಾತ್ರೆಯನ್ನು ಡಾಕ್ಟರು ಸದ್ಯಕ್ಕೆ ನಿಲ್ಲಿಸಿದ್ದಾರೆ. ನೀರು, ಗಂಜಿ ತಿಳಿ, ಮಜ್ಜಿಗೆ, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಾಯಾರಿಕೆಗೆ ಕಾಯಬಾರದು.

ಸುಬ್ರಾಯ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟ. ಹಳೇ ದಪ್ಪ ಗೋಡೆ, ಮೇಲೆ ಇನ್ನೊಂದು ಮಾಳಿಗೆ, ತಂಪು. ಬಚ್ಚಲು ಎರಡು ಹೆಜ್ಜೆ. ಮೆಣಸಿನ ಘಾಟಿಗೆ ಮಂಚ ಹಾಕಲು ಬಂದವರೆಲ್ಲ ಸೀನಿದರು. ಅತ್ತಿಗೆ ಮಾತ್ರ ಸೀನಲಿಲ್ಲ.

"ಮದುವೆಯಾಗಿ ಬಂದಾಗಿಂದ ಇದೇ ಘಾಟು. ಆದ್ರೆ ಆ ಸುಬ್ರಾಯನಿಗೆ ಹೇಳು, ನೀರು ಸುರಿದು ನನ್ನ ಹೊಸ ಹಾಸಿಗೆ ಪೂರಾ ಚಂಡಿ ಮಾಡಿದ್ದಾನೆ."

ಮಜ್ಜಿಗೆ ತಂದೆ. ಶುಂಠಿ, ಕರಿಬೇವು ಜಜ್ಜಿ ಹಾಕಿದ್ದು. ಮುಖ ತಿರುಗಿಸಿದರು.

"ಇನ್ನು ಒಂದು ವಾರ. ಅವನಿಗೆ ಕೊಟ್ಟ ಮಾತು."

"ಅವರು ಕೇಳಿದ್ದರಾ?"

"ಕೇಳ್ಲಿಕ್ಕೆ ಅವ ಎಲ್ಲಿದ್ದ?"

"ಹಾಗಾದರೆ ಅವರ ಪರವಾಗಿ ನಾನು ಹೇಳ್ತೇನೆ. ಆ ಮಾತು ವಾಪಸ್. ನಾನು ಅವರ ಹೆಂಡತಿ, ನನಗೆ ಅಧಿಕಾರ ಉಂಟು."

ಅತ್ತಿಗೆ ನಕ್ಕರು. "ಇದ್ದಾಗ ಅವ ನಿನ್ನ ಮಾತು ಎಲ್ಲಿ ಕೇಳ್ತಿದ್ದ?"

"ಈಗ ಕೇಳ್ತಾರೆ."

ಲೋಟ ಕೆಳಗಿಟ್ಟೆ. ಬಾಗಿಲಲ್ಲಿ ಪ್ರತೀಕ್ಷಾ ನಿಂತಿದ್ದಳು.

"ಅಜ್ಜಿ, ಎಕ್ಸ್‌ಚೇಂಜ್ ಮಾಡಬಹುದಲ್ಲ? ಮಜ್ಜಿಗೆ ಬದಲು ಬೇರೆ ಎಂತಾದರೂ. ಸೀರಿಯಲ್ ಬಿಡಿ."

"ಸೀರಿಯಲ್ಲಾ? ಆಗುದಿಲ್ಲ. ಅದರಲ್ಲಿ ಮದುವೆ ನಡೀಲಿಕ್ಕೆ ಉಂಟು."

"ಅವರಿಗೆ ಸೀರಿಯಲ್ ಇಷ್ಟವೂ ಇರಲಿಲ್ಲ" ಅಂದೆ. "ಚಿಪ್ಸ್ ಇಷ್ಟ ಇತ್ತು. ಇಲ್ಲಿಗೆ ಬಂದಾಗಲೆಲ್ಲ ಮೂಲೆಯಂಗಡಿಯ ನೇಂದ್ರ ಚಿಪ್ಸ್ ಬಿಸಿ ಬಿಸಿ ತಂದು, ನೀವಿಬ್ಬರೇ ಕೂತು ಖಾಲಿ ಮಾಡುತ್ತಿದ್ದಿರಿ. ನನಗೆ ಪುಡಿ."

ಅತ್ತಿಗೆ ನನ್ನ ಕಡೆ ತಿರುಗಿದರು.

"ಪುಡಿಯಲ್ಲ ಮಾರಾಯ್ತಿ, ನಿನಗೆ ಅಂತ ನಾಲ್ಕು ಬೇರೆ ತೆಗೆದಿಡುತ್ತಿದ್ದ. ದಾರಿಯಲ್ಲಿ ಅವನೇ ತಿನ್ನುತ್ತಿದ್ದನೋ ಏನೋ." ಲೋಟ ಎತ್ತಿಕೊಂಡರು. "ಆಯ್ತು. ಚಿಪ್ಸ್ ಬಿಟ್ಟೆ. ಅವನಿಗೆ ಹೇಳು."

ಕುಡಿದರು. ಬಾಯಿಯ ಸದ್ದಲ್ಲ. ಗಂಟಲು ಅಲ್ಲಾಡಿದ್ದು ನೋಡಿದೆ.

ಏಪ್ರಿಲ್ 22, ಬೆಳಿಗ್ಗೆ ಹತ್ತು

ವರ್ಷಾಂತಿಕ ಆಯಿತು. ಬಿಸಿಲೇರುವ ಮೊದಲೇ ತಿರುವಲ್ಲಂ ಹೊಳೆಯ ಹತ್ತಿರ ಮುಗಿಸಿ ಬಂದೆವು. ನಮಗೆ ಮಕ್ಕಳಿಲ್ಲ, ಗುರುಕಿರಣನೇ ಮಾಡಿದ. ಎಳ್ಳು, ನೀರು. ಮೂರು ಸಲ ನೀರು ಬಿಟ್ಟಾಗ ನಾನೂ ಮನಸ್ಸಿನಲ್ಲಿ ಅಂದೆ: ಕುಡಿಯಿರಿ.

ಅತ್ತಿಗೆಯನ್ನು ಕರೆದುಕೊಂಡು ಹೋಗಲಿಲ್ಲ. ಸಿಟ್ಟು ಮಾಡಿಕೊಂಡು ಹಿಂದಿನ ಕೋಣೆಯಲ್ಲೇ ಮಲಗಿದ್ದರು. ನಾವು ಬಂದ ಕೂಡಲೇ ಎದ್ದು ಕೂತು ಕೇಳಿದ್ದು, "ಇನ್ನು ಚಿಪ್ಸ್ ತಿನ್ನಬಹುದಲ್ವಾ?"

ಸುಬ್ರಾಯ ಆಗಲೇ ತಂದಿಟ್ಟಿದ್ದ. ಉಪ್ಪು ಕಡಿಮೆ ಮಾಡಿಸಿ.

ಅದೇ ದಿನ, ಸಂಜೆ

ಜೀವಿತಾ ಹಲಸಿನ ಹಪ್ಪಳ ಕರಿದಳು. ಒಂದು ವರ್ಷದ ಮೇಲೆ. ಮೊದಲನೆಯದನ್ನು ಅತ್ತಿಗೆಯೇ ಮುರಿದು ನನ್ನ ಕೈಗಿಟ್ಟರು. ರುಚಿ ಹಾಗೆಯೇ ಉಂಟು. ಕಣ್ಣು ತುಂಬಿತು, ಮೆಣಸಿನ ಘಾಟು ಅಂದೆ. ಯಾರೂ ನಂಬಲಿಲ್ಲ.

ಮಳೆ ಇಲ್ಲ. ನಾಳೆಗೂ ಯೆಲ್ಲೋ ಅಲರ್ಟ್. ಈ ಬೇಸಿಗೆ ಮುಗಿದ ಮೇಲೆ ಪ್ರತೀಕ್ಷಾ ಮತ್ತೆ ಎಣಿಸುತ್ತಾಳಂತೆ. ಅವಳು ಎಣಿಸುವ ಏಪ್ರಿಲಿನ ಸಾವುಗಳಲ್ಲಿ ಅತ್ತಿಗೆ ಇಲ್ಲ. ಕೆಳಗೆ ಇದ್ದಾರೆ, ಸೀರಿಯಲ್ ಜೋರಾಗಿ ಹಾಕಿಕೊಂಡು. ಮದುವೆ ಇನ್ನೂ ಆಗಿಲ್ಲ. "ಪ್ರೇಮಾ, ಇನ್ನೊಂದು ಲೋಟ ಮಜ್ಜಿಗೆ" ಅಂತ ಕೂಗುತ್ತಿದ್ದಾರೆ—

ನಾಳೆ ಹಾಲಿನ ಬೂತ್‌ಗೆ ರಜೆ. ಇವತ್ತೇ ಹೆಪ್ಪು ಹಾಕಬೇಕು.